ದಿವಾಕ್ಕೆ ಹೋಗಲಾರದ ಪ್ರಾರ್ಥನೆ ಕೂಟ

ಆ ಕಾಲದ ಪ್ರಾರ್ಥನೆ ಎಂದರೆ ನನ್ನ ಕಿವಿಗೆ ಮೊದಲು ಬರುವುದು ಹಾಡಲ್ಲ, ಕುಕ್ಕರಿನ ಸೀಟಿ. ಮುಂಬಯಿಯ ಹೊರವಲಯದ ಡೊಂಬಿವಲಿಯ ಯಾವುದೋ ಬಿಲ್ಡಿಂಗಿನ ಎರಡನೇ ಮಹಡಿ. ಹಾಲ್‌ನಲ್ಲಿ ಚಾಪೆ ಹಾಸಿ, ಮಂಚವನ್ನು ಗೋಡೆಗೆ ಒರಗಿಸಿ, ಒಬ್ಬರ ಮೊಣಕಾಲು ಇನ್ನೊಬ್ಬರ ಬೆನ್ನಿಗೆ ತಾಗುವ ಹಾಗೆ ಕಣ್ಣು ಮುಚ್ಚಿ ಕುಳಿತಿದ್ದೇವೆ. ನಮ್ಮ ಸಭಾ ಹಿರಿಯರು ದೇಶದ ಅಧಿಕಾರಿಗಳಿಗಾಗಿ ಬೇಡಿ, ರೋಗಿಗಳಿಗಾಗಿ ಬೇಡಿ, ಪ್ರಯಾಣದಲ್ಲಿರುವವರನ್ನೂ ಮುಗಿಸಿ, ಇನ್ನೇನು ವಿಧವೆಯರ ಹತ್ತಿರ ಬಂದಿದ್ದಾರೆ. ಅಷ್ಟರಲ್ಲಿ ಅಡುಗೆಮನೆಯಿಂದ ಸುಯ್ಯೆಂದು ಶುರುವಾಗಿ ಕಿವಿ ಸೀಳುವ ಸೀಟಿ. ಯಾರೂ ಕಣ್ಣು ತೆರೆಯುತ್ತಿರಲಿಲ್ಲ. ಆದರೆ ಅಲ್ಲಿದ್ದ ಒಬ್ಬೊಬ್ಬ ಹೆಂಗಸೂ ಆ ಗಳಿಗೆಯಲ್ಲಿ ವಿಧವೆಯರನ್ನು ಬಿಟ್ಟು ಕುಕ್ಕರಿನೊಳಗೆ ಹೋಗಿ ಕೂರುತ್ತಿದ್ದಳು. ಮಟನ್ನೋ, ಕಡಲೆಯೋ? ಇನ್ನೆಷ್ಟು ಸೀಟಿ ಬಾಕಿ? ನಾನೂ ಹೋಗುತ್ತಿದ್ದೆ. ಹೋಗಿ, ಹೋದದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಮಾಡಿಕೊಂಡು ವಾಪಸು ಬರುವಷ್ಟರಲ್ಲಿ ಹಿರಿಯರು ಆಮೆನ್ ಹೇಳಿಬಿಟ್ಟಿರುತ್ತಿದ್ದರು.

ಉಡುಪಿಯಲ್ಲಿ ನಾನು ಓದಿದ್ದು ಕಾನ್ವೆಂಟಿನಲ್ಲಿ. ನಾವು ಪ್ರೊಟೆಸ್ಟೆಂಟರು, ಕಲಿಸಿದವರು ಕ್ಯಾಥೊಲಿಕ್ ಸಿಸ್ಟರುಗಳು. ಒಬ್ಬ ಮುದಿ ಸಿಸ್ಟರ್ ಅಸೆಂಬ್ಲಿಯಲ್ಲಿ ನನ್ನ ಭುಜಕ್ಕೆ ಬೆರಳಿನಿಂದ ತಿವಿದು, "ಕಾನ್ಸೆಂಟ್ರೇಟ್, ಚೈಲ್ಡ್. ಡಿಸ್ಟ್ರಾಕ್ಷನ್ ಅಂದರೆ ನೊಣ. ಕೂತರೆ ಕೂರಲಿ, ನಿನ್ನ ಪ್ರೇಯರ್ ನೀನು ಬಿಡಬೇಡ" ಎನ್ನುತ್ತಿದ್ದರು. ಪಾಪ, ಆ ಸಿಸ್ಟರ್ ಡೊಂಬಿವಲಿ ನೋಡಿದವರಲ್ಲ. ಸಂಜೆ ನಲ್ಲಿಯಲ್ಲಿ ನೀರು ಬರುವ ಹೊತ್ತು, ಗಂಡ ಲೋಕಲ್ಲಿನಿಂದ ಇಳಿಯುವ ಹೊತ್ತು, ಪಕ್ಕದ ಮನೆಯ ಟಿವಿ ಶುರುವಾಗುವ ಹೊತ್ತು, ಮೂರೂ ಒಂದೇ ಆಗಿರುವ ಊರಿನಲ್ಲಿ ನೊಣವೆಂದರೆ ಒಂದೆರಡಲ್ಲ, ಹಿಂಡು.

ಕನ್ನಡದ ಆರಾಧನೆಗೆ ನಾವು ಮುಂಬಯಿಗೇ ಹೋಗಬೇಕಿತ್ತು. ಮಕ್ಕಳನ್ನು ಕಟ್ಟಿಕೊಂಡು ಪ್ರತಿ ಭಾನುವಾರ ಅದು ಆಗುವ ಮಾತಲ್ಲ. ಅದಕ್ಕೇ ಕಲ್ಯಾಣ್‌ನಿಂದ ಠಾಣೆಯ ತನಕ ಚೆದುರಿದ್ದ ನಮ್ಮ ಕೆಲವು ಕುಟುಂಬಗಳು ಸೇರಿ ಶನಿವಾರ ಸಂಜೆ ಸರದಿಯ ಮೇಲೆ ಮನೆಪ್ರಾರ್ಥನೆ ಇಟ್ಟುಕೊಂಡೆವು. ಒಂದು ವಾರ ಒಬ್ಬರ ಮನೆ. ಎರಡು ಹಾಡು, ಬೈಬಲ್ಲಿನಿಂದ ವೇದಪಾಠ, ಪ್ರಾರ್ಥನೆ, ಕೊನೆಗೆ ಒಂದು ಲೋಟ ಚಹಾ. ಎಪ್ಪತ್ತರ ದಶಕದ ಕೊನೆಯಲ್ಲಿ ಶುರುವಾದಾಗ ನಿಜಕ್ಕೂ ಅಷ್ಟೇ ಇತ್ತು. ಚಹಾದ ಜೊತೆ ಯಾರೋ ಬಿಸ್ಕೆಟ್ ಇಟ್ಟರು. ಮುಂದಿನ ಮನೆಯವರು ಕೇಕ್ ಮಾಡಿದರು. ಹಿರಿಯರ ಹೆಂಡತಿ ಕಟ್ಲೆಟ್ ಮಾಡಿ ಎಲ್ಲರ ಬಾಯಿ ಮುಚ್ಚಿಸಿದರು. ಆಮೇಲೆ ನೀರುದೋಸೆ, ಕೋಳಿಸುಕ್ಕ, ಹುಬ್ಬಳ್ಳಿಯಿಂದ ಬಂದಿದ್ದ ಒಬ್ಬಾಕೆಯ ಎಣ್ಣೆಗಾಯಿ ರೊಟ್ಟಿ. ವರ್ಷ ಕಳೆಯುವಷ್ಟರಲ್ಲಿ ಪ್ರಾರ್ಥನೆ ಊಟದ ಮುಂಚಿನ ಕೈತೊಳೆಯುವ ಕೆಲಸದಂತಾಯಿತು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಮಾತು ಒಂದೇ: "ಇವತ್ತಿನ ಸುಕ್ಕಕ್ಕೆ ಕಾಯಿ ಸ್ವಲ್ಪ ಜಾಸ್ತಿ ಆಯ್ತಲ್ವಾ?" ವೇದಪಾಠ ಯಾವುದಿತ್ತು ಎಂದು ಕೇಳಿದರೆ ಒಬ್ಬರಿಗೂ ನೆನಪಿಲ್ಲ.

ಈ ಗದ್ದಲದ ನಡುವೆ ಪ್ರತಿ ವಾರ ಬಂದು ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕದಲ್ಲಿ ಕೂರುತ್ತಿದ್ದವರು ದಿವಾದ ದೊಡ್ಡಮ್ಮ. ಸಂಬಂಧವಲ್ಲ, ನಮ್ಮ ಉಡುಪಿ ಕಡೆಯವರೇ, ಕಾಪುವಿನ ಹತ್ತಿರದವರು. ಡೊಂಬಿವಲಿಯಿಂದ ಠಾಣೆ ಕಡೆಗೆ ಹೋದರೆ ದಿವಾ ಮುಂದಿನ ಸ್ಟೇಷನ್ನು. ಆಗ ಅಲ್ಲಿ ಹಳಿ, ಉಪ್ಪುನೀರಿನ ಗದ್ದೆ, ತಗಡಿನ ಮಾಡಿನ ಚಾಳುಗಳು, ಇಷ್ಟೇ. ಅಗ್ಗ ಎಂದು ಅವರ ಮಗ ಅಲ್ಲಿ ಒಂದು ರೂಮು ಮಾಡಿ ಅಪ್ಪ ಅಮ್ಮನನ್ನು ಕರೆಸಿಕೊಂಡಿದ್ದ. ಮದುವೆಯ ಮಾತು ನಡೆಯುತ್ತಿದ್ದಾಗಲೇ ಕಾಮಾಲೆ ಬಂದು ತೀರಿಕೊಂಡ. ಅದಾದ ಮೇಲೆ ಅವರ ಗಂಡ, ನಮ್ಮ ದೊಡ್ಡಪ್ಪ, ಲಕ್ವ ಹೊಡೆದು ಎಡಭಾಗ ಬಿದ್ದು ಮಂಚ ಹಿಡಿದರು. ಮಾತಿಗೆ ತೊಂದರೆ ಇರಲಿಲ್ಲ. ಆದರೆ ದೇವರ ಹತ್ತಿರ ಮಾತ್ರ ಮಾತು ಬಿಟ್ಟಿದ್ದರು.

"ನಿಮ್ಮ ದೊಡ್ಡಪ್ಪ ಪ್ರಾರ್ಥನೆ ಮಾಡುವುದು ಬಿಟ್ಟು ಎಷ್ಟು ಕಾಲವಾಯ್ತು ಗೊತ್ತುಂಟಾ ಮಗಳೇ?" ಎಂದು ದೊಡ್ಡಮ್ಮ ಒಮ್ಮೆ ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದುಕೊಂಡು ಹೇಳಿದರು. "ನಾನು ಪ್ರಾರ್ಥನೆಗೆ ಕೂತರೆ ಗೋಡೆ ಕಡೆ ತಿರುಗುತ್ತಾರೆ. ಊರಲ್ಲಿ ಇಡೀ ಬೀದಿಯನ್ನು ಹಾಡಿಸಿದ ಮನುಷ್ಯ. ಹೀಗೇ ಮುನಿಸಿಕೊಂಡೇ ಹೋಗಿಬಿಟ್ಟರೆ ಅಲ್ಲಿ ಏನಂತ ಮುಖ ತೋರಿಸುವುದು? ಒಂದು ಸಲ ನೀವೆಲ್ಲ ನಮ್ಮಲ್ಲಿಗೆ ಬನ್ನಿ. ಮನೆಯಲ್ಲಿ ನಾಲ್ಕು ಜನರ ಹಾಡು ಕೇಳಿದರೆ ಬಾಯಿ ಬಿಟ್ಟಾರೇನೋ."

ಇಷ್ಟೇ ಅವರು ಕೇಳಿದ್ದು. ಕೂಟ ಮುಗಿದು ಹಿರಿಯರು "ಬರುವ ಶನಿವಾರ ಯಾರಲ್ಲಿ?" ಎಂದಾಗಲೆಲ್ಲ ದೊಡ್ಡಮ್ಮ ಶಾಲೆಯ ಹುಡುಗಿಯ ಹಾಗೆ ಕೈಯೆತ್ತುತ್ತಿದ್ದರು. "ಆಗಲಿ ದೊಡ್ಡಮ್ಮ, ಮಳೆ ಕಳೆಯಲಿ" ಎನ್ನುತ್ತಿದ್ದರು ಹಿರಿಯರು. ಮಳೆ ಕಳೆಯಿತು. ಆಮೇಲೆ ಮಕ್ಕಳ ಪರೀಕ್ಷೆ. ಆಮೇಲೆ ಊರಿಗೆ ಹೋಗುವ ರಜೆ. ಆಮೇಲೆ ಕ್ರಿಕೆಟ್ ಮ್ಯಾಚು. ಒಂದು ಸಲವಂತೂ ನಿಶ್ಚಯವಾಗಿದ್ದ ದಿನ ಹಿರಿಯರ ಹೆಂಡತಿ, "ಅಲ್ಲಿ ನಲ್ಲಿಯೇ ಇಲ್ಲವಂತೆ, ಇಷ್ಟು ಜನರ ಪ್ಲೇಟು ತೊಳೆಯುವುದು ಹೇಗೆ?" ಎಂದು ಸರದಿಯನ್ನು ತಮ್ಮ ಮನೆಗೇ ತಿರುಗಿಸಿಕೊಂಡರು. ಪ್ಲೇಟು! ನನಗೆ ಮೈಯೆಲ್ಲ ಉರಿಯಿತು.

ಕೊನೆಗೆ ನಾನು ಸಿಡಿದದ್ದು ನಮ್ಮ ಮನೆಯ ಸರದಿಯ ದಿನ. ಟಿವಿಯಲ್ಲಿ ಶನಿವಾರ ಮರಾಠಿ ಸಿನಿಮಾ ಇರುತ್ತಿತ್ತು. ಪಕ್ಕದ ಮನೆಯ ಟಿವಿ ನಮ್ಮ ಗೋಡೆಗೇ ಅಂಟಿಕೊಂಡಿತ್ತು. ಹಿರಿಯರು ಪ್ರಾರ್ಥಿಸುತ್ತಿದ್ದರೆ ಆಚೆ ಮನೆಯಲ್ಲಿ ಒಬ್ಬಳು ಅತ್ತೆಯ ಕಾಲಿಗೆ ಬಿದ್ದು ಅಳುತ್ತಿದ್ದಾಳೆ. ಅರೆಗಣ್ಣು ತೆರೆದು ನೋಡಿದರೆ ನನ್ನ ಗಂಡ ತಲೆಬಾಗಿಸಿದ್ದಾರೆ, ಕಿವಿ ಮಾತ್ರ ಗೋಡೆಗೆ. ಆಮೆನ್ ಆಗುತ್ತಲೇ, "ಆ ಹುಡುಗಿ ಮನೆ ಬಿಟ್ಟು ಹೋದಳಾ?" ಎಂದು ಹುಬ್ಬಳ್ಳಿಯಾಕೆಯನ್ನು ಕೇಳಿದರು.

"ಇಲ್ಲ ತಗೀರಿ, ಗಂಡ ಅಡ್ಡ ನಿಂತಾನ" ಎಂದಳು ಅವಳು.

"ಎನಫ್!" ಎಂದೆ ನಾನು. ಕಾನ್ವೆಂಟಿನಲ್ಲಿ ಓದಿದವರ ಸಿಟ್ಟು ಇಂಗ್ಲಿಷಾಗಿಯೇ ಹೊರಬೀಳುತ್ತದೆ. "ಬರುವ ಶನಿವಾರ ದಿವಾ. ನೀರಿಲ್ಲ, ಪ್ಲೇಟಿಲ್ಲ, ಸುಕ್ಕವಿಲ್ಲ. ಕರಿ ಚಹಾ ಕೊಟ್ಟರೆ ಕುಡಿಯುವುದು, ಕೊಡದಿದ್ದರೆ ಬಾಯಿ ಮುಚ್ಚಿಕೊಂಡು ಬರುವುದು. ಯಾರಿಗೆ ಸಿನಿಮಾ ಬೇಕೋ ಅವರು ಮನೆಯಲ್ಲಿರಿ."

ಹಿರಿಯರ ಹೆಂಡತಿ ಮೆಲ್ಲಗೆ, "ಬರಿಗೈಯಲ್ಲಿ ಹೋಗುವುದು ಹೇಗೆ? ನಾನು ಏನಾದರೂ ಸಣ್ಣದು ಮಾಡಿ ತರುತ್ತೇನೆ" ಎಂದರು.

ಆ ಸಣ್ಣದೇ ಎಲ್ಲವನ್ನೂ ಕೆಡಿಸಿತು. ಶನಿವಾರ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಸೇರುವುದೆಂದು ಮಾತಾಗಿತ್ತು. ನಾನೂ ಹುಬ್ಬಳ್ಳಿಯಾಕೆಯೂ ಬೇಗ ಬಂದೆವು. ಉಳಿದವರು ಸಣ್ಣದನ್ನು ಹೊರಲು ಹಿರಿಯರ ಮನೆಗೆ ಹೋಗಿದ್ದರು. ಕಾದು ಕಾದು ನಾವಿಬ್ಬರೂ ಸ್ಲೋ ಗಾಡಿಯ ಲೇಡೀಸ್ ಡಬ್ಬಿ ಹತ್ತಿದೆವು. ದಿವಾದಲ್ಲಿ ಇಳಿದು, ಹಳಿಯ ಪಕ್ಕದಲ್ಲಿ ನಿಂತು ಅವರ ದಾರಿ ನೋಡುತ್ತಿದ್ದಾಗ ಆಚೆ ಟ್ರ್ಯಾಕಿನಲ್ಲಿ ಫಾಸ್ಟ್ ಗಾಡಿಯೊಂದು ಧೂಳೆಬ್ಬಿಸುತ್ತಾ ಬಂತು. ಅದರ ಬಾಗಿಲಲ್ಲಿ ಸ್ಟೀಲಿನ ದೊಡ್ಡ ಡಬ್ಬ ಅಪ್ಪಿಕೊಂಡು ನನ್ನ ಗಂಡ. ಹಿಂದೆ ಬಗಲಲ್ಲಿ ಹಾಡಿನ ಪುಸ್ತಕದ ಚೀಲ ಸಿಕ್ಕಿಸಿಕೊಂಡು ಹಿರಿಯರು. ಅವರು ನಮ್ಮನ್ನು ನೋಡಿದರು, ನಾವು ಅವರನ್ನು ನೋಡಿದೆವು. ಫಾಸ್ಟ್ ಗಾಡಿ ದಿವಾದಲ್ಲಿ ನಿಲ್ಲುವುದಿಲ್ಲ ಎನ್ನುವುದು ಡೊಂಬಿವಲಿಯ ಮಗುವಿಗೂ ಗೊತ್ತು. ಕಟ್ಲೆಟ್ ಮುದ್ದೆಯಾಗದ ಹಾಗೆ ಗಾಡಿ ಹತ್ತುವ ಗಡಿಬಿಡಿಯಲ್ಲಿ ಇಷ್ಟು ಜನರಲ್ಲಿ ಒಬ್ಬರೂ ಯಾವ ಗಾಡಿ ಎಂದು ತೋರಿಸುವ ಇಂಡಿಕೇಟರ್ ನೋಡಿರಲಿಲ್ಲ. ಪ್ರಾರ್ಥನೆ ಕೂಟವೆಲ್ಲ ನಮ್ಮ ಕಣ್ಣೆದುರೇ ಪಾರ್ಸಿಕ್ ಸುರಂಗದೊಳಗೆ ನುಗ್ಗಿ ಠಾಣೆಗೆ ಹೋಯಿತು.

"ಹೋತಲ್ರೀ ಅಕ್ಕಾವ್ರ, ಸಭಾನೇ ಹೋತು!" ಎಂದು ಹುಬ್ಬಳ್ಳಿಯಾಕೆ ಸೊಂಟಕ್ಕೆ ಕೈಕೊಟ್ಟು ನಿಂತಳು. ನನಗೆ ಅಳುವೂ ಬರಲಿಲ್ಲ, ನಗುವೂ ಬರಲಿಲ್ಲ.

ದೊಡ್ಡಮ್ಮನ ರೂಮಿನಲ್ಲಿ ನೆಲಕ್ಕೆ ಸೆಗಣಿಯ ಬದಲು ಸಿಮೆಂಟಿನ ನೀರು ಬಳಿದು ಒರೆಸಿದ್ದರು. ಯಾರಿಂದಲೋ ಕೇಳಿ ತಂದ ಚಾಪೆಗಳು ಗೋಡೆಯಿಂದ ಗೋಡೆಗೆ ಹಾಸಿದ್ದವು. ಇಷ್ಟು ಚಾಪೆಗೆ ನಾವು ಇಬ್ಬರು. ದೊಡ್ಡಪ್ಪ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಬಂದಿರಾ ಎಂದೂ ಕೇಳಲಿಲ್ಲ.

"ಉಳಿದವರು?" ಎಂದರು ದೊಡ್ಡಮ್ಮ.

"ಠಾಣೆಗೆ ಹೋದರು" ಎಂದೆ. ಬೇರೆ ಏನು ಹೇಳಲಿ?

ದೊಡ್ಡಮ್ಮ ಚಾಪೆಯ ಮೇಲೆ ಕೂತು, "ಶುರು ಮಾಡುವ" ಎಂದರು. ಹಾಡಿನ ಪುಸ್ತಕ ಸುರಂಗದಲ್ಲಿತ್ತು. ನೆನಪಿದ್ದ ಒಂದು ಹಾಡನ್ನು ಎತ್ತಿಕೊಂಡೆವು. ನಾನು ನಮ್ಮ ಕರಾವಳಿಯ ಧಾಟಿಯಲ್ಲಿ, ಹುಬ್ಬಳ್ಳಿಯಾಕೆ ಅವಳ ಕಡೆಯ ಧಾಟಿಯಲ್ಲಿ. ಎರಡೂ ಒಂದನ್ನೊಂದು ಎಳೆದಾಡಿ ಮಧ್ಯದಲ್ಲೇ ಬಿದ್ದುಹೋಯಿತು. ದೊಡ್ಡಪ್ಪ ಅಲುಗಲಿಲ್ಲ. ಪ್ರಾರ್ಥನೆ ಮಾಡಲು ಹಿರಿಯರಿಲ್ಲ. "ನೀನೇ ಮಾಡು ಮಗಳೇ, ಕಾನ್ವೆಂಟಲ್ಲಿ ಓದಿದವಳು" ಎಂದರು ದೊಡ್ಡಮ್ಮ.

ಗಂಡಸರ ಮುಂದೆ ಗಟ್ಟಿಯಾಗಿ ಪ್ರಾರ್ಥನೆ ಮಾಡಿ ನನಗೆ ಅಭ್ಯಾಸವಿರಲಿಲ್ಲ. ಕಣ್ಣು ಮುಚ್ಚಿದೆ. ಪರಲೋಕದಲ್ಲಿರುವ ತಂದೆಯೇ ಎಂದೆ. ಅಷ್ಟಕ್ಕೇ ತಲೆಯೊಳಗೆ ನನ್ನ ಗಂಡ ಡಬ್ಬ ಹಿಡಿದು ನಿಂತುಕೊಂಡರು. ಅವರು ಠಾಣೆಯಲ್ಲಿ ಇಳಿದರೋ? ವಾಪಸು ಬರುವ ಗಾಡಿ ಯಾವಾಗ? ಮನೆಯಲ್ಲಿ ಸ್ಟವ್ ಆರಿಸಿ ಬಂದೆನೋ? ಈ ಕುಟುಂಬವನ್ನು ಆಶೀರ್ವದಿಸು ಎಂದೆ. ಆಗ ಒಂದು ಗೂಡ್ಸ್ ಗಾಡಿ ಬಂತು. ರೂಮು ಅಲುಗಾಡಿತು, ಗೂಡಿನಲ್ಲಿದ್ದ ಲೋಟಗಳು ಗಲಗಲ ಎಂದವು. ಅದು ಎಷ್ಟು ಉದ್ದವೆಂದರೆ, ಅದು ಮುಗಿಯುವುದನ್ನು ಕಾಯುತ್ತಾ ನಾನು ಎಲ್ಲಿಗೆ ಬಂದಿದ್ದೆ ಎನ್ನುವುದೇ ಮರೆತುಹೋಯಿತು. ಗಾಡಿ ಹೋಯಿತು. ಬಾಯಿಗೆ ಒಂದು ಮಾತೂ ಬರಲಿಲ್ಲ. ನನ್ನ ಮೇಲೆ, ಕಟ್ಲೆಟ್ಟಿನ ಮೇಲೆ, ಆ ಸಿಸ್ಟರಿನ ಮೇಲೆ ಸಹ ನನಗೆ ಸಿಟ್ಟು ಬಂತು.

ಆಗ ಮಂಚದ ಕಡೆಯಿಂದ ಸ್ವರ ಕೇಳಿಸಿತು. ಒರಟಾಗಿ, ಜೋರಾಗಿ, ತುಳುವಿನಲ್ಲಿ. ನಮ್ಮವರು ದೇವರ ಹತ್ತಿರ ಪುಸ್ತಕದ ಕನ್ನಡದಲ್ಲಿ ಮಾತಾಡುವವರು. ತುಳು ಇರುವುದು ಮೀನಿನವಳ ಹತ್ತಿರ ಚೌಕಾಸಿಗೆ, ಮನೆಯ ಜಗಳಕ್ಕೆ. ಹಾಗಾಗಿ ಮೊದಲು ನನ್ನನ್ನೇ ಬೈಯುತ್ತಿದ್ದಾರೆ ಎಂದುಕೊಂಡೆ. ಆದರೆ ಅವರು ಶುರು ಮಾಡಿದ್ದೇ "ಕರ್ತನೇ" ಎಂದು.

"ಕರ್ತನೇ, ಹುಡುಗ ಹಳದಿಯಾಗಿ ಬಿದ್ದಿದ್ದಾಗ ಕರೆದೆ. ಬಂದೆಯಾ? ಮಣ್ಣು ಕೊಡುವಾಗ ಕರೆದೆ. ಬಂದೆಯಾ? ದಿವಾ ಎಲ್ಲಿದೆ ಎಂದು ನಿನಗೂ ಗೊತ್ತಿಲ್ಲವಾ? ನಾನು ಮಾತು ಬಿಟ್ಟೆ, ಸರಿ. ನೀನು ದೊಡ್ಡವನಲ್ಲವಾ? ನೀನಾಗಿ ಒಂದು ಸಲ ಮಾತಾಡಿಸಿದರೆ ನಿನ್ನ ಗಂಟು ಏನು ಹೋಗುತ್ತಿತ್ತು? ಈಗ ಕಳಿಸಿದ್ದೀಯಾ, ಹಾಡಲು ಬಾರದ ಇಬ್ಬರು ಹೆಂಗಸರನ್ನು!"

ಹುಬ್ಬಳ್ಳಿಯಾಕೆ ನನ್ನ ಮಗ್ಗುಲಿಗೆ ತಿವಿದು, "ಏನಂತಾರ್ರೀ? ಯಾರಿಗೆ ಬೈಯಾಕತ್ತಾರ?" ಎಂದು ಪಿಸುಗುಟ್ಟಿದಳು. ನಾನು ದೊಡ್ಡಮ್ಮನ ಕಡೆ ನೋಡಿದೆ. ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕೈಜೋಡಿಸಿ, ಕಣ್ಣು ಮುಚ್ಚಿಕೊಂಡಿದ್ದರು. ನಾನೂ ಮುಚ್ಚಿಕೊಂಡೆ. ದೊಡ್ಡಪ್ಪ ಬೈದರು, ಮಗನ ಹೆಸರು ಹಿಡಿದು ಬೈದರು, ಬಿದ್ದ ಕೈಯ ಲೆಕ್ಕ ಕೇಳಿದರು, ಅತ್ತರು, ಮತ್ತೆ ಬೈದರು. ಇನ್ನೂ ಒಂದೆರಡು ಗಾಡಿಗಳು ಹೋಗಿರಬೇಕು. ನನಗೆ ಕೇಳಿಸಲಿಲ್ಲ.

ಎಲ್ಲ ಮುಗಿಯುವ ಮೊದಲೇ ಹೊರಗೆ ಗುಲ್ಲೆದ್ದಿತು. ಠಾಣೆಯಿಂದ ವಾಪಸು ಬಂದ ಸಭೆ ಕತ್ತಲಲ್ಲಿ ಚರಂಡಿ ದಾಟುತ್ತಾ, "ಇಂಡಿಕೇಟರೇ ತಪ್ಪು ತೋರಿಸಿತ್ತು ಮಾರಾಯ್ರೆ!" ಎಂದು ಒಂದೇ ಸಮನೆ ಹೇಳುತ್ತಿತ್ತು. ನಾನು ಬಾಗಿಲಿಗೆ ಅಡ್ಡ ನಿಂತೆ. ಹಿರಿಯರು ವಾಚು ನೋಡಿಕೊಂಡು, "ಪ್ರಾರಂಭಿಸೋಣವಾ?" ಎಂದರು.

"ಪ್ರಾರ್ಥನೆ ನಡೆಯುತ್ತಿದೆ. ಹೊರಗೇ ನಿಲ್ಲಿ" ಎಂದೆ.

"ಯಾರು ಮಾಡುತ್ತಿರುವುದು?"

"ದೊಡ್ಡಪ್ಪ."

ಅವರು ಒಳಗಿನ ಸ್ವರಕ್ಕೆ ಕಿವಿಗೊಟ್ಟು, "ಇದಾ ಪ್ರಾರ್ಥನೆ?" ಎಂದರು. ನನ್ನ ಗಂಡ ಡಬ್ಬ ಕೆಳಗಿಡಲು ಜಾಗ ಹುಡುಕುತ್ತಾ, "ಆರಿಹೋಗುತ್ತಲ್ಲೇ" ಎಂದರು. ಆ ಮನುಷ್ಯನ ಜೊತೆ ನಾನು ಒಂದಿಡೀ ಜನ್ಮ ಬಾಳಿದ್ದೇನೆ.

ಮನೆಪ್ರಾರ್ಥನೆ ಆಮೇಲೆಯೂ ಹಾಗೆಯೇ ನಡೆಯಿತು, ಕುಕ್ಕರೂ ಕೂಗಿತು. ನಾನು ತಿದ್ದುವ ಪ್ರಯತ್ನ ಬಿಟ್ಟೆ ಎಂದೇನಿಲ್ಲ, ಅವರು ತಿದ್ದಿಕೊಳ್ಳಲಿಲ್ಲ. ನನ್ನ ತಲೆಯೂ ಈ ವಯಸ್ಸಿನಲ್ಲಿ ಅಷ್ಟೇ, ಆಮೆನ್‌ಗೆ ಮುಂಚೆ ನಾಲ್ಕು ಊರು ಸುತ್ತಿ ಬರುತ್ತದೆ. ಆಗೆಲ್ಲ ಕನ್ನಡ ಬಿಟ್ಟು ಮನಸ್ಸಿನಲ್ಲೇ ದೇವರ ಹತ್ತಿರ ತುಳುವಿನಲ್ಲಿ ಒಂದೆರಡು ಮಾತು ಜೋರು ಮಾಡುತ್ತೇನೆ. ತಲೆ ಸ್ವಲ್ಪ ಹೊತ್ತು ಒಂದು ಕಡೆ ನಿಲ್ಲುತ್ತದೆ.

ದೊಡ್ಡಪ್ಪನನ್ನು ನಾನು ಕೊನೆಯ ಸಲ ನೋಡಿದ್ದು ಅದೇ ವರ್ಷ, ಮಳೆ ಶುರುವಾಗುವ ಮುಂಚೆ. ನಾನು ಕೆಲಸ ಮಾಡುತ್ತಿದ್ದ ಠಾಣೆಯ ಆಫೀಸಿನಿಂದ ಬರುವಾಗ ಸ್ಟೇಷನ್ನಿನ ಹೊರಗೆ ಬಾಳೆಹಣ್ಣು ಕೊಂಡು ದಿವಾದಲ್ಲಿ ಇಳಿದೆ. ಬಾಗಿಲಿಗೆ ಪರದೆ ಎಳೆದಿತ್ತು. ನಾನು ಕರೆಯುವ ಮೊದಲೇ ದೊಡ್ಡಮ್ಮ ಒದ್ದೆ ಕೈಯಲ್ಲೇ ಹೊರಗೆ ಬಂದು ತುಟಿಗೆ ಬೆರಳಿಟ್ಟರು.

"ಈಗ ಒಳಗೆ ಬರಬೇಡ ಮಗಳೇ. ಕರ್ತನ ಹತ್ತಿರ ಮಾತಾಡ್ತಾ ಇದ್ದಾರೆ. ನಿನ್ನೆಯದ್ದೇ ಇನ್ನೂ ಮುಗಿದಿಲ್ಲ."

ಅವರ ಮುಖದಲ್ಲಿ, ಹಟಮಾರಿ ಮಗು ಕೊನೆಗೂ ಊಟಕ್ಕೆ ಕೂತಾಗ ತಾಯಿಗೆ ಇರುವಂಥ ಒಂದು ಸುಸ್ತು, ಒಂದು ಸಮಾಧಾನ. ಪರದೆಯ ಸಂದಿನಿಂದ ನೋಡಿದೆ. ದೊಡ್ಡಪ್ಪ ದಿಂಬಿಗೆ ಒರಗಿ ಕೂತಿದ್ದರು, ನನಗೆ ಬೆನ್ನು ಮಾತ್ರ ಕಾಣುತ್ತಿತ್ತು. ಚೆನ್ನಾಗಿದ್ದ ಬಲಗೈ ಗಾಳಿಯಲ್ಲಿ ಏಳುತ್ತಿತ್ತು, ಬೀಳುತ್ತಿತ್ತು, ಎದುರಿಗಿದ್ದವನ ಮಾತನ್ನು ತಡೆದು ನಿಲ್ಲಿಸುವ ಹಾಗೆ ಒಮ್ಮೆ ಅಡ್ಡ ನಿಂತಿತು. ನಾನು ಹಣ್ಣನ್ನು ದೊಡ್ಡಮ್ಮನ ಕೈಗೆ ಕೊಟ್ಟು, ಚಪ್ಪಲಿಯ ಸದ್ದಾಗದ ಹಾಗೆ ಹಳಿಯ ಕಡೆಗೆ ನಡೆದೆ.