ಹೊಳೆಯುವ ಟೈರು

ಎರಡನೇ ಮಹಾಯುದ್ಧದ ಕಾಲದಲ್ಲಿ ಪುಣೆಯ ಒಂದು ಮಿಲಿಟರಿ ಡಿಪೋದಲ್ಲಿ, ನಿಂತ ಜಾಗ ಬಿಟ್ಟು ಕದಲದ ಲಾರಿಗಳ ಹೊಸ ಟೈರುಗಳು ಮಗ್ಗಲಿನಲ್ಲಿ ಹಿಮ್ಮಡಿಯ ಹಾಗೆ ಬಿರಿಯತೊಡಗಿದವು. ರಬ್ಬರಿಗೆ ಬರ ಬಂದಿದ್ದ ದಿನಗಳು. ಕಾರಣ ಹುಡುಕಲು ಟೈರು ತಪಾಸಣೆಯ ಕೆಲಸದಲ್ಲಿದ್ದ ನನ್ನನ್ನು ಕಳಿಸಿದರು.

ಹುಡುಕುವ ತೊಂದರೆಯೇ ಆಗಲಿಲ್ಲ. ಇಬ್ಬರು ಆಳುಗಳು ಸೀಮೆಎಣ್ಣೆಯಲ್ಲಿ ಅರಿವೆ ಅದ್ದಿ ಟೈರು ತಿಕ್ಕುತ್ತಿದ್ದರು. ಪಕ್ಕದಲ್ಲೇ ನಿಂತು ತಿಕ್ಕಿಸುತ್ತಿದ್ದವರು ನಮ್ಮ ಧಾರವಾಡದ ಕಡೆಯ ಸ್ಟೋರ್‌ಕೀಪರ್ ದೇಸಾಯರು.

"ಇದೇನ್ರಿ ದೇಸಾಯರ?"

"ಪ್ರತಿ ಸೋಮವಾರ ಡಿಪೋ ಸಾಹೇಬರ ಇನ್‌ಸ್ಪೆಕ್ಷನ್ ಇರ್ತದ್ರಿ. ಟೈರು ಬೂಟಿನಂಗ ಹೊಳೀಬೇಕಂತ ಹುಕುಂ ಅದ."

"ಸೀಮೆಎಣ್ಣಿ ರಬ್ಬರ್ ತಿಂತದ್ರಿ. ಅದಕ್ಕ ಬಿರಿಯಾಕತ್ತಾವ."

"ಗೊತ್ತದ್ರಿ. ಆದ್ರ ಟೈರು ಬಿರಿದ್ರ ಸಾಹೇಬರು ನಿಮ್ಮನ್ನ ಕೇಳ್ತಾರ, ಹೊಳೀಲಿಲ್ಲಂದ್ರ ನನ್ನ ಕೇಳ್ತಾರ."

ಎಣ್ಣೆ ಹಚ್ಚುವುದನ್ನು ನಿಲ್ಲಿಸಿದರೆ ಸಾಕು ಎಂದು ಅಲ್ಲೇ ಕೂತು ವರದಿ ಬರೆದು ಸಾಹೇಬರಿಗೆ ಕಳಿಸಿದೆ. ನಾಲ್ಕನೇ ದಿನ ಅದು ವಾಪಸು ಬಂತು. ಹಾಳೆಯ ಅಂಚಿಗೆ ಸೀಮೆಎಣ್ಣೆಯ ಕಲೆ ಇತ್ತಂತೆ. ಸ್ವಚ್ಛ ಹಾಳೆಯಲ್ಲಿ ಬರೆದು ಕಳಿಸಬೇಕೆಂದು ಸಾಹೇಬರು ಕೆಂಪು ಶಾಯಿಯಲ್ಲಿ ಬರೆದಿದ್ದರು. ಒಳಗಿನ ಮಾತು ಓದಿದ ಗುರುತು ಎಲ್ಲೂ ಇರಲಿಲ್ಲ.

ಸೀಮೆಎಣ್ಣೆ ತಾಕಿದರೆ ಕಾಗದ ಕೆಡುತ್ತದೆ ಎಂಬುದಾದರೂ ಅವರಿಗೆ ಗೊತ್ತಿತ್ತಲ್ಲ, ನಾನು ಅಷ್ಟಕ್ಕೇ ಸಮಾಧಾನ ಪಟ್ಟುಕೊಂಡೆ.