ಕ್ಷೌರದಂಗಡಿಯ ನೆಲ

ಇಸ್ತ್ರಿ ಅಕ್ಕ ಎಂದರೆ ಆ ಬೀದಿಯಲ್ಲಿ ಎಳೆ ಮಗುವೂ ಬೆರಳು ಮಾಡಿ ತೋರಿಸುತ್ತಿತ್ತು. ತೋರಿಸುತ್ತಿದ್ದದ್ದು ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿಯನ್ನು. ಅಲ್ಲಿ ಆಕೆಯ ಮೇಜು, ಇಸ್ತ್ರಿ ಪೆಟ್ಟಿಗೆ, ಬಟ್ಟೆಯ ಗಂಟುಗಳು. ನೆಟ್ಟಗೆ ನಿಂತರೆ ತಲೆ ತಗಲುತ್ತಿತ್ತು, ಹಾಗಾಗಿ ಅರ್ಧ ಆಯುಷ್ಯವನ್ನು ಬಗ್ಗಿಯೇ ಕಳೆದಿದ್ದಳು. ಮೇಲಿನವರು ಇಳಿದಾಗಲೆಲ್ಲ ಚಪ್ಪಲಿಯ ಮಣ್ಣು ಯಾರದೋ ಬಿಳಿ ಅಂಗಿಯ ಮೇಲೆ ಉದುರುತ್ತಿತ್ತು. ಅಂಗಿಯವರು ಬಂದು ಮುಖ ಸಿಂಡರಿಸುವುದು ಮಾತ್ರ ಇವಳ ಮುಂದೆ. ಮೆಟ್ಟಿಲಿಗೆ ಯಾರು ಬೈಯುತ್ತಾರೆ?

ಅದೇ ಬೀದಿಯ ತುದಿಯಲ್ಲಿ ಆಕೆಯ ಅಪ್ಪನ ಕ್ಷೌರದಂಗಡಿಯಿತ್ತು. ಅಪ್ಪನಿಗೆ ಲಕ್ವ ಹೊಡೆದ ಮೇಲೆ ಬಾಗಿಲು ಮುಚ್ಚಿತು. ಅಪ್ಪನನ್ನು ಎತ್ತಿ ಕೂರಿಸಿ, ತೊಳೆದು ಬಳಿದು, ಬಾಯಿಗೆ ಗಂಜಿ ಬಿಟ್ಟದ್ದು ಮಗಳು. ಅಂಗಡಿ ಹೋದದ್ದು ಮಗನ ಹೆಸರಿಗೆ. ಆಕೆ ಜಗಳ ಕಾಯಲಿಲ್ಲ. ಅಪ್ಪ ತೀರಿಕೊಂಡ ಮೇಲೆ ತಮ್ಮನ ಹತ್ತಿರ ಹೋಗಿ, ಅಂಗಡಿ ಸುಮ್ಮನೆ ಬಿದ್ದಿದೆಯಲ್ಲ, ನನ್ನ ಮೇಜು ಅಲ್ಲಿ ಹಾಕಿಕೊಳ್ಳಲೇ ಎಂದು ಕೇಳಿದಳು, ಅಷ್ಟೆ.

"ಹಾಕ್ಕೋ ಅಕ್ಕ, ಯಾರು ಬೇಡ ಅಂದ್ರು?" ಎಂದ ತಮ್ಮ. ಬಾಯಲ್ಲಿ ಬೆಣ್ಣೆ. "ಆದ್ರೆ ಆ ನೆಲ ನೋಡಿದ್ದೀಯಾ? ನಾಯೀನೂ ಒಳಗೆ ಕಾಲಿಡಲ್ಲ. ಅದನ್ನ ಸರಿ ಮಾಡ್ಕೊಂಡ್ರೆ ಅಂಗಡಿ ನಿಂದೇ ಅಂತ ತಿಳ್ಕೋ."

ಆಕೆ ಹಾಗೆಯೇ ತಿಳಿದುಕೊಂಡಳು.

ನೆಲಕ್ಕೆ ಹಾಸಿದ್ದು ಪ್ಲಾಸ್ಟಿಕ್ಕಿನಂಥ ವಿನೈಲ್ ಟೈಲ್ಸು, ಒಂದು ಹಸಿರು, ಒಂದು ಕೆನೆ ಬಣ್ಣ. ಹಾಗೆಂದು ಆಕೆಗೆ ಚಿಕ್ಕಂದಿನ ನೆನಪು, ಅಷ್ಟೇ. ಈಗ ಇದ್ದದ್ದು ಒಂದೇ ಬಣ್ಣ, ಸುಟ್ಟ ಪಾತ್ರೆಯ ತಳದ್ದು. ತಪ್ಪು ಅಪ್ಪನದೇ. ನೆಲ ಮಂಕಾದಾಗಲೆಲ್ಲ ಹಳೆಯ ಪಾಲಿಶನ್ನು ತೆಗೆಯದೆ ಅದರ ಮೇಲೆಯೇ ಇನ್ನೊಂದು ಸಲ ಬಳಿಯುತ್ತಿದ್ದ. ಕೊಳೆಯ ಮೇಲೆ ಹೊಳಪು, ಹೊಳಪಿನ ಮೇಲೆ ಕೊಳೆ. ನಡುವೆ ಗಿರಾಕಿಗಳ ಕೂದಲು.

ಇಸ್ತ್ರಿ ಕೆಲಸ ಮುಗಿದ ಮೇಲೆ ಮಧ್ಯಾಹ್ನಗಳಲ್ಲಿ ಸೆರಗು ಸಿಕ್ಕಿಸಿ ಕೂತಳು. ಸೋಡಾ ಬೆರೆಸಿದ ಬಿಸಿನೀರು ಸುರಿದು, ನೆನೆಯಲು ಬಿಟ್ಟು, ಅಪ್ಪನದೇ ಹಳೆಯ ಬಾಚಣಿಗೆಯ ಬೆನ್ನಿನಿಂದ ಕೆರೆದಳು. ಕಬ್ಬಿಣ ತಾಗಿಸಿದರೆ ಗೀರು ಬೀಳುತ್ತದೆ. ಕಂದು ಲೋಳೆಯ ಜೊತೆ ಕಪ್ಪು ಕೂದಲು, ನರೆಗೂದಲು ಎದ್ದು ಬಂದವು. ಸತ್ತವರವೂ ಇದ್ದಿರಬೇಕು. ಮಂಡಿ ಊದಿಕೊಂಡಿತು, ಉಗುರ ಸಂದಿ ಒಡೆಯಿತು. ಹಸಿರು ಕಂಡ ದಿನ ಆಕೆ ಅತ್ತೇಬಿಟ್ಟಳು.

ಬಾಗಿಲ ಬಳಿಯ ಟೈಲ್ಸು ಮಾತ್ರ ಒಡೆದು ಚೂರಾಗಿತ್ತು. ಅಂಥವು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದರೆ ಹಿಂದಿನ ಗೋಡೆಯ ಬೀರು ಸರಿಸಿದರೆ ಅದರ ಕೆಳಗಿನವು ನಿನ್ನೆ ಹಾಸಿದಂತಿದ್ದವು. ಆಕೆ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟಳು. ಮೊದಲನೆಯದು ಬಿಸಿ ಹೆಚ್ಚಾಗಿ ಮುರುಟಿತು. ಆಮೇಲೆ ರೇಷ್ಮೆಗೆ ಕೊಡುವಷ್ಟೇ ಬಿಸಿ ಕೊಟ್ಟಳು. ಅಡಿಯ ಅಂಟು ಮೆತ್ತಗಾಯಿತು, ಅಂಚಿಗೆ ಚಾಕು ತೂರಿಸಿದರೆ ಟೈಲ್ಸು ಇಡಿಯಾಗಿ ಎದ್ದು ಬಂತು. ಒಳ್ಳೆಯವನ್ನೆಲ್ಲ ಬಾಗಿಲಿಗೆ ಹಾಕಿ, ಚೂರುಗಳನ್ನು ಬೀರಿನ ಕೆಳಗೆ ತಳ್ಳಿದಳು. ಬಂದವರ ಕಣ್ಣಿಗೆ ಮೊದಲು ಬೀಳುವುದು ಬಾಗಿಲು ತಾನೇ?

ನಡುವೆ ಒಂದು ಕಡೆ ಬಣ್ಣ ಪೂರ್ತಿ ಸವೆದಿತ್ತು, ದುಂಡಗೆ. ಕುರ್ಚಿಯ ಸುತ್ತ ಅಪ್ಪ ಕತ್ತರಿ ಹಿಡಿದು ಸುತ್ತಿದ ಜಾಗ. ಅದನ್ನು ಆಕೆ ಕೀಳಲಿಲ್ಲ. ನನ್ನ ಮೇಜು ಇಲ್ಲೇ, ಅಪ್ಪ ನಿಂತಲ್ಲೇ ನಾನೂ ನಿಲ್ಲುತ್ತೇನೆ ಎಂದುಕೊಂಡಳು. ಹೊಸ ಪಾಲಿಶನ್ನು ತೆಳ್ಳಗೆ ಎಳೆದು, ಒಣಗಿಸಿ, ಮತ್ತೆ ಎಳೆದಳು. ಎಲ್ಲ ಮುಗಿದ ಮೇಲೆ ಆ ಸವೆದ ಜಾಗದಲ್ಲಿ ನಿಂತು ಕೈ ಮೇಲೆತ್ತಿ ನೋಡಿದಳು. ಸೂರು ಕೈಗೆಟುಕಲಿಲ್ಲ. ಬೆನ್ನು ತಾನಾಗಿ ನೆಟ್ಟಗಾಯಿತು.

ತಮ್ಮ ನೋಡಲು ಬಂದವನು ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದ. ಅಪ್ಪ ಬದುಕಿದ್ದಾಗ ಎಂದೂ ಬಿಟ್ಟವನಲ್ಲ. ಆಕೆಗೆ ಹೆಮ್ಮೆಯಾಯಿತು. ಹೆದರಬೇಕಿತ್ತು.

ಮರುದಿನ ಅವನ ಜೊತೆ ಕನ್ನಡಕ ಮಾರುವವನೊಬ್ಬ ಬಂದ. ಆಕೆ ಆಗ ತಾನೇ ಇಸ್ತ್ರಿ ಪೆಟ್ಟಿಗೆ ತಂದು ಇಟ್ಟಿದ್ದಳು.

"ಇವರು ಇಲ್ಲಿ ಅಂಗಡಿ ಇಡ್ತಾರಂತೆ ಅಕ್ಕ. ಬಾಗಿಲಲ್ಲಿ ನಿಂತು ನೋಡಿದ ತಕ್ಷಣ ಒಪ್ಕೊಂಡ್ರು. ನೀನು ಹೇಗೂ ಆ ಮೆಟ್ಟಿಲ ಕೆಳಗೆ ಹೊಂದ್ಕೊಂಡುಬಿಟ್ಟಿದ್ದೀಯ."

"ನಿಂದೇ ಅಂದಿದ್ದೆಯಲ್ಲೋ."

"ಅಂದಿದ್ದೆ. ಆಗ ಅಂಗಡಿ ಹೀಗಿರಲಿಲ್ಲವಲ್ಲ," ಎಂದ ತಮ್ಮ, ಇಷ್ಟೂ ತಿಳಿಯದೇ ಎಂಬಂತೆ.

ಕನ್ನಡಕದವನು ಸವೆದ ಜಾಗಕ್ಕೆ ಬೂಟಿನ ತುದಿ ತಾಗಿಸಿದ. "ಎಲ್ಲಾ ಚೆನ್ನಾಗಿದೆ. ಇದೊಂದು ಕಣ್ಣಿಗೆ ಹೊಡೀತಿದೆ."

"ಅದಕ್ಕೇನಂತೆ? ನಮ್ಮಕ್ಕ ಚಿಟಿಕೆ ಹೊಡೆಯೋದ್ರಲ್ಲಿ ಕಿತ್ತು ಬೇರೆ ಹಾಕ್ತಾಳೆ. ಅಲ್ವೇನಕ್ಕ?"

"ಬೇರೆ ಇಲ್ಲ," ಎಂದಳು. "ಒಳ್ಳೇದೆಲ್ಲಾ ಬಾಗಿಲಿಗೇ ಹಾಕಿಬಿಟ್ಟೆ."

ಬಾಗಿಲ ಬಳಿಯ ನೆಲವನ್ನು ಒಡಕಾಗಿಯೇ ಬಿಟ್ಟಿದ್ದರೆ ಈ ಮನುಷ್ಯ ಒಳಗೆ ಕಾಲಿಡುತ್ತಲೇ ಇರಲಿಲ್ಲ ಎಂಬುದು ಆಕೆಗೆ ಹೊಳೆದದ್ದು ಆಗ. ಸಿಟ್ಟು ಬಂದದ್ದು ತಮ್ಮನ ಮೇಲಲ್ಲ, ತನ್ನ ಕೈಗಳ ಮೇಲೆ. ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು ಬೀದಿಗುಂಟ ನಡೆದಳು. ಅಂಗಡಿಯಲ್ಲಿ ನೆಟ್ಟಗಾದ ಬೆನ್ನು ಇನ್ನೂ ಹಾಗೆಯೇ ಇತ್ತು. ಸಂದಿಯೊಳಗೆ ಹೋಗುವಾಗ ಬಗ್ಗಲು ಮರೆತಳು, ಮೆಟ್ಟಿಲು ಹಣೆಗೆ ಬಡಿಯಿತು.