ತಟ್ಟೆಗೆ ಅಡ್ಡ ಹಿಡಿದ ಕೈ

ಬಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಒಂದು ಕಾಲದಲ್ಲಿ ನನಗೆ ಭಾರಿ ಜಂಬವಿತ್ತು. ಮೈಸೂರಿನಲ್ಲಿ ನಮ್ಮ ಬಳಗದ ಮದುವೆ, ಮುಂಜಿಗಳಲ್ಲಿ ಹೋಳಿಗೆಯ ತಟ್ಟೆ ಹಿಡಿದು ಪಂಕ್ತಿಯ ಉದ್ದಕ್ಕೂ ಓಡಾಡುತ್ತಿದ್ದವಳು ನಾನೇ. ಕೂತವರು ಎಲೆಯ ಮೇಲೆ ಬಾಗಿ, ಎರಡೂ ಕೈ ಅಡ್ಡ ಹಿಡಿದು "ಬೇಡ, ಬೇಡ" ಎನ್ನುತ್ತಿದ್ದರು. ಆ ಬೇಡವನ್ನು ಯಾರೂ ನಂಬುತ್ತಿರಲಿಲ್ಲ. ಕೈಯ ಸಂದಿಯಲ್ಲೇ ಹೋಳಿಗೆ ಜಾರಿಸಿ, ನಗುತ್ತಾ ಮುಂದಿನ ಎಲೆಗೆ ಹೋಗುವುದಕ್ಕೇ ಉಪಚಾರ ಎನ್ನುತ್ತಿದ್ದೆವು. ಅಮೆರಿಕದ ವುಡ್‌ರಿಡ್ಜ್‌ಗೆ ಬಂದು ಇಪ್ಪತ್ತು ವರ್ಷವಾದರೂ ನನ್ನ ಆ ಚಾಳಿ ಹೋಗಿರಲಿಲ್ಲ. ಎರಡು ವರ್ಷದ ಹಿಂದೆ, ಜನವರಿಯ ಒಂದು ಶನಿವಾರ ಸಂಜೆ, ಹೋಯಿತು.

ಆ ಶನಿವಾರ ನಮ್ಮ ಮನೆಯಲ್ಲಿ ಗೆಳತಿಯ ಮಗಳಿದ್ದಳು. ಹತ್ತು ವರ್ಷದವಳು. ಗೆಳತಿ ತನ್ನ ತಂಗಿಯ ಸೀಮಂತಕ್ಕೆಂದು ಮಿಶಿಗನ್ನಿನ ವೆಸ್ಟ್ ಬ್ಲೂಮ್‌ಫೀಲ್ಡ್‌ಗೆ ಹೋಗಿದ್ದಳು. ಮಗಳಿಗೆ ಬೆಳಿಗ್ಗೆ ಈಜಿನ ಸ್ಪರ್ಧೆ ಇತ್ತು, ಅಪ್ಪ ಆಫೀಸಿನ ಕೆಲಸದ ಮೇಲೆ ಊರಲ್ಲಿರಲಿಲ್ಲ. ಹಾಗಾಗಿ ಒಂದು ದಿನದ ಮಟ್ಟಿಗೆ ಹುಡುಗಿಯನ್ನು ನನಗೆ ಒಪ್ಪಿಸಿದ್ದಳು.

ಹುಡುಗಿಗೆ ಗೋಡಂಬಿ ಆಗದು. ಹೊಟ್ಟೆ ಕೆಡುವಂಥ ಅಲರ್ಜಿಯಲ್ಲ, ಉಸಿರೇ ಕಟ್ಟುವಂಥದ್ದು. ಹೊರಡುವ ಮುಂಚೆ ಗೆಳತಿ ನನ್ನ ಕೈಗೆ ಕೆಂಪು ಚೀಲವೊಂದನ್ನು ಕೊಟ್ಟಳು. ಒಳಗೆ ದಪ್ಪ ಪೆನ್ನಿನಂಥ ಎರಡು ಇಂಜೆಕ್ಷನ್ನುಗಳು.

"ಅಕ್ಕ, ಇದನ್ನ ಕಾರಲ್ಲಿ ಬಿಡ್ಬೇಡಿ, ಈ ಚಳಿಗೆ ಕೆಟ್ಟೋಗುತ್ತೆ. ಏನಾದ್ರೂ ಆದ್ರೆ ಯೋಚ್ನೆ ಮಾಡ್ತಾ ಕೂರ್ಬೇಡಿ. ಮೊದ್ಲು ತೊಡೆಗೆ ಚುಚ್ಚಿ, ಆಮೇಲೆ ನೈನ್ ಒನ್ ಒನ್ನಿಗೆ ಫೋನ್ ಮಾಡಿ ಆ್ಯಂಬುಲೆನ್ಸ್ ಕರೀರಿ."

"ಅಯ್ಯೋ, ಅಂಥದ್ದೇನೂ ಆಗಲ್ಲ ಬಿಡೇ. ನಾನಿಲ್ವಾ?" ಎಂದೆ. ಸೂಜಿ ಕಂಡರೆ ಕೈಕಾಲು ತಣ್ಣಗಾಗುವ ಹೆಂಗಸು ನಾನು. ಅದನ್ನು ಅವಳಿಗೆ ಹೇಳಲಿಲ್ಲ.

ಸಂಜೆ ಐದಕ್ಕೆ ನಾನು, ನನ್ನ ಗಂಡ, ಹುಡುಗಿ ಮೂವರೂ ಬೋಲಿಂಗ್‌ಬ್ರೂಕಿನ ಚೈನೀಸ್ ಹೋಟೆಲಿಗೆ ಹೋದೆವು. ಡ್ರೈ ಕ್ಲೀನರ್ ಪಕ್ಕದ ಸಣ್ಣ ಜಾಗ, ನಡುವೆ ಗಾಜಿನ ತಿರುಗುಮಣೆ ಇರುವ ದುಂಡು ಮೇಜುಗಳು. ನಾವು ಮೂರು ಮನೆಯವರು ತಿಂಗಳಿಗೊಮ್ಮೆ ಅಲ್ಲಿ ಸೇರುತ್ತೇವೆ. ಆರ್ಡರ್ ಮಾಡುವುದು ಯಾವಾಗಲೂ ನಾನೇ. ಮೊಟ್ಟೆ ಬೇಡ, ಮೀನಿನ ಸಾಸ್ ಬೇಡ, ಕೋಳಿಯ ನೀರಲ್ಲಿ ಬೇಯಿಸುವುದು ಬೇಡ ಎಂದು ನಾನು ಒಂದೇ ಉಸಿರಿಗೆ ಹೇಳುವುದನ್ನು ಹೋಟೆಲಿನ ಒಡತಿ ಬರೆದುಕೊಳ್ಳುವುದನ್ನೇ ಬಿಟ್ಟಿದ್ದಳು. ಆವತ್ತು ಅದರ ಜೊತೆ ಗೋಡಂಬಿಯ ವಿಷಯವನ್ನೂ ಹೇಳಿದೆ. ಒಂದೇ ಒಂದು ತಟ್ಟೆಯಲ್ಲಿ ಗೋಡಂಬಿ ಇತ್ತು. ಹುಬ್ಬಳ್ಳಿ ಕಡೆಯ ಗೆಳೆಯರ ಹೆಂಡತಿಗೆ ಗೋಡಂಬಿ ಹಾಕಿದ ತೋಫು ಬೇಕೇ ಬೇಕು. ಗೆಳೆಯರಿಗೆ ಚಿಕನ್ ಬೇಕು. ಎರಡನ್ನೂ ತಿರುಗುಮಣೆಯ ಮೇಲೆ ಇಡಕೂಡದು, ನಿಮ್ಮ ಮುಂದೆಯೇ ಇಟ್ಟುಕೊಳ್ಳಿ ಎಂದು ಅಪ್ಪಣೆ ಮಾಡಿದೆ. ಹುಡುಗಿಯನ್ನು ನನ್ನ ಪಕ್ಕದಲ್ಲಿ ಕೂರಿಸಿಕೊಂಡೆ, ಕೆಂಪು ಚೀಲವನ್ನು ಕುರ್ಚಿಗೆ ನೇತುಹಾಕಿದೆ. ಎಷ್ಟು ಜವಾಬ್ದಾರಿಯವಳು ನಾನು ಎಂದು ನನಗೇ ಅನ್ನಿಸಿತು.

ಊಟ ಮುಕ್ಕಾಲು ಮುಗಿದಾಗ ಗೆಳೆಯರು ಮಾತಿನ ಭರದಲ್ಲಿ ಚಿಕನ್ನಿನ ಸ್ಪೂನನ್ನೇ ತಂದು ನಮ್ಮ ನೂಡಲ್ಸಿಗೆ ಹಾಕಿಬಿಟ್ಟರು. ನಾನು ಕೂಗಿಕೊಂಡೆ.

"ತಪ್ಪಾತ್ರೀ ವೈನಿ, ಖಬರ ಇರಲಿಲ್ಲ," ಎಂದು ಅವರು ಕಿವಿ ಹಿಡಿದುಕೊಂಡರು. ಎಲ್ಲರೂ ನಕ್ಕರು. ನಾನು ಆ ಸ್ಪೂನು ತಾಗಿದ ನೂಡಲ್ಸನ್ನೆಲ್ಲ ಬಳಿದು ಅವರ ತಟ್ಟೆಗೇ ಹಾಕಿ, ಬೇರೆ ಸ್ಪೂನಿಗಾಗಿ ಸುತ್ತ ನೋಡಿದೆ. ಮೇಜಿನ ಆ ಕಡೆ ಒಂದು ಖಾಲಿ ತಟ್ಟೆಯಲ್ಲಿ ಸ್ಪೂನಿತ್ತು. "ಅದು ವೆಜ್ ಸ್ಪೂನೇ ತಾನೇ? ಕೊಡಿ ಇಲ್ಲಿ," ಎಂದು ಇಸಿದುಕೊಂಡು, ಕಾಗದದ ಕರವಸ್ತ್ರದಿಂದ ಚೆನ್ನಾಗಿ ಒರೆಸಿ ನೂಡಲ್ಸಿಗೆ ಹಾಕಿದೆ. ಅದು ತೋಫುವಿನ ಸ್ಪೂನು. ನನ್ನ ತಲೆಯಲ್ಲಿ ಆ ಹೊತ್ತಿಗೆ ಲೋಕದಲ್ಲಿದ್ದದ್ದು ಎರಡೇ ಬಗೆಯ ಸ್ಪೂನು, ವೆಜ್ಜಿನದು ಮತ್ತು ನಾನ್‌ವೆಜ್ಜಿನದು.

ಅದೇ ಸ್ಪೂನಿನಲ್ಲಿ ನೂಡಲ್ಸ್ ಎತ್ತಿ ಹುಡುಗಿಯ ಕಡೆ ತಿರುಗಿದೆ. "ನೋ ಥ್ಯಾಂಕ್ಸ್, ಆಂಟಿ," ಎಂದಳು. "ಬೆಳಿಗ್ಗೆಯಿಂದ ಈಜಿದೀಯ, ಒಂಚೂರು ಹಾಕ್ಕೋ," ಎಂದೆ. "ಐ ಆ್ಯಮ್ ಗುಡ್, ಆಂಟಿ." ಆಮೇಲೆ ತಟ್ಟೆಗೆ ಅಡ್ಡವಾಗಿ ಅಂಗೈ ಹಿಡಿದಳು. ಅಮೆರಿಕದಲ್ಲಿ ಹುಟ್ಟಿದ ಮಗು ಥೇಟ್ ನಮ್ಮ ಪಂಕ್ತಿಯವರ ಹಾಗೆ ಕೈ ಹಿಡಿದದ್ದು ಕಂಡು ನನಗೆ ಮುದ್ದು ಉಕ್ಕಿ ಬಂತು. ಕೈಯ ಪಕ್ಕದಿಂದ ನೂಡಲ್ಸ್ ಜಾರಿಸಿಬಿಟ್ಟೆ. ಅವಳು ಒಂದು ಸಲ ತಟ್ಟೆ ನೋಡಿದಳು, ಒಂದು ಸಲ ನನ್ನನ್ನು ನೋಡಿದಳು. ಆಮೇಲೆ ಒಂದು ತುತ್ತು ತಿಂದಳು.

ಎರಡು ನಿಮಿಷವೂ ಆಗಿರಲಿಕ್ಕಿಲ್ಲ. "ಆಂಟಿ, ಮೈ ಮೌತ್ ಈಸ್ ಇಚಿ," ಎಂದಳು. ತುಟಿಯ ಸುತ್ತ ಕೆಂಪು ಗಂಧೆಗಳು ಎದ್ದಿದ್ದವು. ಕೆಮ್ಮಿದಳು. ಮತ್ತೆ ಕೆಮ್ಮಿದಳು, ಈ ಸಲ ಕೆಮ್ಮಿನ ಕೊನೆಯಲ್ಲಿ ಸೀಟಿಯಂಥ ಸದ್ದು ಬಂತು. ಆಗ ನನಗೆ ಆ ಖಾಲಿ ತಟ್ಟೆ ಕಾಣಿಸಿತು. ತಳದ ಸಾಸಿನಲ್ಲಿ ಅರ್ಧ ಗೋಡಂಬಿ ಅಂಟಿಕೊಂಡಿತ್ತು.

ಯಾರೋ ನೀರು ಕುಡಿಸಿ ಎಂದರು, ಯಾರೋ ವಾಂತಿ ಮಾಡಿಸಿ ಎಂದರು. ಕೆಂಪು ಚೀಲ ನನ್ನ ಬೆನ್ನ ಹಿಂದೆಯೇ ಇತ್ತು. ನಾನು ಅದನ್ನು ಮುಟ್ಟದೆ ಮಗುವಿಗೆ ನೀರು ಕುಡಿಸುತ್ತಾ ಕೂತೆ. ಈ ಮಾತು ಬರೆಯಲು ನನಗೆ ಈಗಲೂ ನಾಚಿಕೆಯಾಗುತ್ತದೆ. ತಾನಾಗಿ ಇಳಿದೀತು, ಚುಚ್ಚುವುದು ತಪ್ಪೀತು ಎಂಬ ಆಸೆ ನನಗೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ತಿಳಿಯದು. ಕುಡಿಸಿದ ನೀರು ಗಂಟಲಲ್ಲಿ ಇಳಿಯದೆ ಅವಳ ಗಲ್ಲದ ಮೇಲೆ ಹರಿದಾಗ ನನ್ನ ಗಂಡ ಚೀಲವನ್ನು ನನ್ನ ಮಡಿಲಿಗೆ ಎಸೆದರು.

"ಚುಚ್ಚೇ! ಏನು ನೋಡ್ತಾ ಕೂತಿದೀಯ? ನಾನು ಫೋನ್ ಮಾಡ್ತಿದೀನಿ, ನೀನು ಚುಚ್ಚು!"

ಪೆನ್ನಿನ ನೀಲಿ ಮುಚ್ಚಳ ಕೀಳಲು ಬೆರಳು ಬಗ್ಗಲಿಲ್ಲ. ಯಾವ ತುದಿ ತೊಡೆಗೆ, ಯಾವ ತುದಿ ನನ್ನ ಕೈಗೆ ಎಂಬುದೇ ಮರೆತುಹೋಯಿತು. ಹುಡುಗಿಯೇ ಬೆರಳಿನಿಂದ ಕಿತ್ತಳೆ ಬಣ್ಣದ ತುದಿಯನ್ನು ತೋರಿಸಿದಳು. ಅವಳ ಮಾತು ನಿಂತುಹೋಗಿತ್ತು. ನಾನು ಕಣ್ಣು ಮುಚ್ಚಿ ಜೀನ್ಸಿನ ಮೇಲಿಂದಲೇ ಅವಳ ತೊಡೆಗೆ ಒತ್ತಿದೆ. ಟಕ್ ಎಂದಿತು. ಅವಳ ಇಡೀ ಮೈ ಒಮ್ಮೆ ಅದುರಿತು. ಹೋಟೆಲಿನ ಒಡತಿ ಓಡಿಬಂದು ಅವಳನ್ನು ನೆಲದ ಮೇಲೆ ಮಲಗಿಸಿ, ಕಾಲುಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತನ್ನ ಭಾಷೆಯಲ್ಲಿ ಏನೋ ಹೇಳುತ್ತಾ ಸವರಿದಳು. ನಾನು ಪಕ್ಕದಲ್ಲಿ ಮಂಡಿಯೂರಿ ಆ ಎದೆ ಏರುವುದನ್ನು, ಇಳಿಯುವುದನ್ನು ಎಣಿಸುತ್ತಿದ್ದೆ. ಇಳಿದ ಎದೆ ಮತ್ತೆ ಏರುವವರೆಗೆ ನನ್ನ ಉಸಿರೂ ನಿಂತಿರುತ್ತಿತ್ತು.

ಆಗ ನನ್ನ ಫೋನು ರಿಂಗಾಯಿತು. ಗೆಳತಿ. ಸೀಮಂತದ ಊಟ ಮುಗಿಸಿಕೊಂಡು ಅವಳು ಒಬ್ಬಳೇ ಡ್ರೈವ್ ಮಾಡುತ್ತಾ ವಾಪಸು ಬರುತ್ತಿದ್ದಳು. ಇನ್ನೂ ನೂರು ಮೈಲಿ ದೂರವಿದ್ದಳು. ಹೈವೇಯಲ್ಲಿ ಎಪ್ಪತ್ತರ ವೇಗದಲ್ಲಿರುವ ತಾಯಿಗೆ ಏನೆಂದು ಹೇಳಲಿ? ಫೋನು ರಿಂಗಾಗುತ್ತಲೇ ಇತ್ತು, ನಾನು ನೋಡುತ್ತಲೇ ಇದ್ದೆ. ಅದು ನಿಂತಮೇಲೆ ಒಂದು ಮೆಸೇಜು ಬಂತು. ಊಟ ಆಯ್ತಾ, ಮಗಳು ಸರಿಯಾಗಿ ತಿಂದಳಾ ಎಂದು ಕೇಳಿದ್ದಳು.

ಆ್ಯಂಬುಲೆನ್ಸಿನಲ್ಲಿ ಎರಡನೆಯ ಪೆನ್ನೂ ಬೇಕಾಯಿತು. ಅದನ್ನು ಅಲ್ಲಿನ ಸಿಬ್ಬಂದಿಯೇ ಕೊಟ್ಟರು. ನಾನು ಮೂಲೆಯಲ್ಲಿ ಬೆಲ್ಟು ಕಟ್ಟಿಕೊಂಡು ಕೂತು, ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಈ ಮಗು ಹೋದರೆ ನಾನು ಬದುಕಿರಬಾರದು ಎಂದು ಸ್ಪಷ್ಟವಾಗಿ ಅಂದುಕೊಂಡೆ.

ಆಸ್ಪತ್ರೆಯಲ್ಲಿ ಡಾಕ್ಟರು, ಉಸಿರು ಸುಸೂತ್ರವಾಗಿದೆ, ಆದರೂ ಕೆಲವು ಗಂಟೆ ಇಲ್ಲೇ ಇರಲಿ ಎಂದ ಮೇಲೆ ನನ್ನ ಗಂಡ ಗೆಳತಿಗೆ ಫೋನು ಮಾಡಿದರು. ಮೊದಲು ಕಾರನ್ನು ಹೈವೇಯಿಂದ ಇಳಿಸಿ ನಿಲ್ಲಿಸಲು ಹೇಳಿ, ಆಮೇಲೆ ವಿಷಯ ಹೇಳಿದರು. ಆ ಕಡೆಯಿಂದ ಬಂದ ಸದ್ದು ಮೂರು ಮಾರು ದೂರದಲ್ಲಿದ್ದ ನನಗೂ ಕೇಳಿಸಿತು.

ಏಳೂವರೆಗೆ ಅವಳು ಬಂದಳು. ರೇಷ್ಮೆ ಸೀರೆಯ ಮೇಲೆ ದಪ್ಪ ಜಾಕೆಟ್ಟು, ತಲೆಯಲ್ಲಿ ಬಾಡಿದ ಹೂವು. ನನ್ನನ್ನು ದಾಟಿಕೊಂಡು ಹೋಗಿ ಮಗಳನ್ನು ಅಪ್ಪಿಕೊಂಡಳು. ನಾನು ಬಾಗಿಲಲ್ಲೇ ನಿಂತೆ. ಕೆನ್ನೆಗೆ ಹೊಡೆಯುತ್ತಾಳೆ, ಹೊಡೆಯಲಿ ಎಂದುಕೊಂಡೆ.

"ನನ್ನ ತಪ್ಪೇ ಕಣೇ," ಎಂದೆ. "ಗೋಡಂಬಿ ಸ್ಪೂನಲ್ಲಿ ನಾನೇ ಬಡಿಸ್ದೆ."

ಹುಡುಗಿ ಅಮ್ಮನ ಭುಜದ ಮೇಲಿಂದ ನನ್ನನ್ನು ನೋಡುತ್ತಾ ಮೆಲ್ಲಗೆ ಹೇಳಿದಳು. "ಐ ಸಾ ದ ಸ್ಪೂನ್, ಆಂಟಿ."

ಮತ್ತೆ ಯಾಕೆ ತಿಂದೆ ಎಂದು ಅವಳಮ್ಮ ಕೇಳಿದಳು. ಹುಡುಗಿ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು. ಎರಡು ಸಲ ನೋ ಅಂದೆ. ಆಂಟಿ ಬೇಜಾರು ಮಾಡ್ಕೋತಾರೆ, ದೊಡ್ಡವರು ಬಡಿಸಿದರೆ ಒಂದು ತುತ್ತಾದರೂ ತಿನ್ನಬೇಕು, ಜಾಸ್ತಿ ಸಲ ಬೇಡ ಅನ್ನಬಾರದು ಅಂತ ಹೋಗೋ ಮುಂಚೆ ನೀನೇ ಹೇಳಿದ್ದೆಯಲ್ಲ ಅಮ್ಮ. ಸ್ಪೂನು ಒರೆಸಿದ್ದಾರೆ, ಆಂಟಿಗೆ ಗೊತ್ತಿರುತ್ತೆ ಅಂದುಕೊಂಡೆ.

ಗೆಳತಿ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನನ್ನ ಎದೆಯಲ್ಲಿದ್ದ ಭಯವೇ ಅಲ್ಲೂ ಇತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾರದೆ ಆ ಮಂಚದ ಎರಡು ಪಕ್ಕ ಕೂತೆವು.

ಗೆಳತಿಯ ಮನೆಯವರು ನಮ್ಮನ್ನು ದೂರ ಮಾಡಲಿಲ್ಲ. ಯುಗಾದಿಗೆ ಊಟಕ್ಕೆ ಬಂದರು. ಅಡುಗೆಮನೆಯಲ್ಲಿ ಗೋಡಂಬಿಯ ಹೆಸರಿರಲಿಲ್ಲ. ಡಬ್ಬಿ ಡಬ್ಬಿಯ ಚೀಟಿಯನ್ನೂ ನಾನು ಓದಿದ್ದೆ, ಗೆಳತಿ ಬಂದು ಮತ್ತೊಮ್ಮೆ ಓದಿದ್ದಳು. ಅನ್ನದ ಪಾತ್ರೆ ಹಿಡಿದು ಬಡಿಸುತ್ತಾ ಹುಡುಗಿಯ ಹತ್ತಿರ ಬಂದೆ. ಅವಳು ತಟ್ಟೆಗೆ ಅಡ್ಡವಾಗಿ ಎರಡೂ ಕೈ ಹಿಡಿದಳು.

"ಬೇಡ," ಎಂದಳು, ಕನ್ನಡದಲ್ಲಿ.

"ಆಯ್ತು ಕಂದ," ಎಂದೆ. ಅಲ್ಲಿಂದ ಎರಡು ಹೆಜ್ಜೆ ಹಿಂದೆ ಸರಿದೆ. ಅವಳ ಕಣ್ಣು ನನ್ನ ಕೈಯಲ್ಲಿದ್ದ ಸೌಟಿನ ಮೇಲೆಯೇ ಇತ್ತು. ನಾನು ಪಾತ್ರೆಯನ್ನು ಒಳಗೆ ತೆಗೆದುಕೊಂಡು ಹೋಗಿ, ಒಲೆಯ ಪಕ್ಕ ಇಟ್ಟು, ಬರಿಗೈಯಲ್ಲಿ ಹೊರಗೆ ಬಂದು ಕೂರುವವರೆಗೂ ಆ ಕೈಗಳನ್ನು ಅವಳು ತಟ್ಟೆಯ ಮೇಲಿಂದ ತೆಗೆಯಲಿಲ್ಲ.